ರೇಷನ್ ಚೀಟಿಯೇ ಇಲ್ಲದವರು ಯುದ್ಧದ ಕಾಲದಲ್ಲಿ ಊಟ ಮಾಡಿದ್ದು ಹೇಗೆ?

ಪ್ರಶ್ನೆ: ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಳ್ಳುವ ಒಂದು ಯಹೂದಿ ಕುಟುಂಬದ ಕಾದಂಬರಿ ಓದುತ್ತಿದ್ದೇನೆ. ಅಣ್ಣನ ಸಂಸಾರ ಹಾಲೆಂಡಿನಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ತಂಗಿಯ ಸಂಸಾರ ಇಂಗ್ಲೆಂಡ್ ಸೇರುತ್ತದೆ. ಆಗ ಎಲ್ಲಾ ಕಡೆ ರೇಷನ್ ಇತ್ತು ಅಂತ ಓದಿದ್ದೇನೆ. ಹಾಗಾದರೆ ಬಚ್ಚಿಟ್ಟುಕೊಂಡವರಿಗೆ ಊಟ ಎಲ್ಲಿಂದ ಬಂತು? ಅವರ ಹೆಸರಲ್ಲಿ ಚೀಟಿ ಕೊಡುವವರು ಯಾರು? ಇಂಗ್ಲೆಂಡಿಗೆ ಹೋದವರು ಜರ್ಮನ್ನರು ತಾನೇ, ಶತ್ರು ದೇಶದವರಿಗೆ ರೇಷನ್ ಕೊಟ್ಟರಾ? (ಶಿವಮೊಗ್ಗದ ಓದುಗರು)

ಉತ್ತರ: ತಪ್ಪಿಸಿಕೊಂಡವರ ಕಥೆ ಹೇಳುವಾಗ ಎಲ್ಲರೂ ಗಡಿ, ಪಾಸ್‌ಪೋರ್ಟ್, ಗುಟ್ಟಿನ ಬಾಗಿಲು ಅಂತ ಹೇಳುತ್ತಾರೆ. ಅಡುಗೆಮನೆಯ ಕಡೆ ನೋಡುವವರು ಕಡಿಮೆ. ನೀವು ಅಲ್ಲಿಗೇ ಹೋಗಿದ್ದೀರಿ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಬಚ್ಚಿಟ್ಟುಕೊಳ್ಳಲು ಒಂದು ಜಾಗ ಒಂದು ಸಲ ಸಿಕ್ಕರೆ ಸಾಕು. ಊಟ ದಿನಾ ಸಿಗಬೇಕು. ಎಷ್ಟೋ ಕುಟುಂಬಗಳಿಗೆ ಜಾಗಕ್ಕಿಂತ ಊಟವೇ ದೊಡ್ಡ ತೊಡಕಾಯಿತು. ಕಾರಣ ಏನೆಂದರೆ, ರೇಷನ್ ಚೀಟಿ ಜನರಿಗೆ ಅನ್ನ ಹಂಚುತ್ತಿತ್ತು, ಜೊತೆಗೆ ಯಾರು ಎಲ್ಲಿದ್ದಾರೆ ಅನ್ನುವ ಲೆಕ್ಕವನ್ನೂ ಸರಕಾರಕ್ಕೆ ಕೊಡುತ್ತಿತ್ತು.

ಮೊದಲು ಜರ್ಮನಿಯ ವ್ಯವಸ್ಥೆ ನೋಡೋಣ. ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದ್ದು 1939ರ ಸೆಪ್ಟೆಂಬರ್ 1ರಂದು. ರೇಷನ್ ಚೀಟಿಗಳು ಅದಕ್ಕೆ ಕೆಲವು ದಿನ ಮೊದಲೇ, ಆಗಸ್ಟ್ ಕೊನೆಯಲ್ಲೇ ಮನೆಮನೆಗೆ ಬಂದಿದ್ದವು. ಮೊದಲ ಮಹಾಯುದ್ಧದ ಹಸಿವನ್ನು ಜರ್ಮನ್ ಜನ ಮರೆತಿರಲಿಲ್ಲ. ಹೊಟ್ಟೆ ಖಾಲಿಯಾದರೆ ಜನ ತಿರುಗಿ ಬೀಳುತ್ತಾರೆ ಅಂತ ನಾಜಿಗಳಿಗೂ ಗೊತ್ತಿತ್ತು. ನಾಲ್ಕು ವಾರಕ್ಕೆ ಒಂದು ಸಲ ಹೊಸ ಚೀಟಿ. ಒಂದೊಂದು ಪದಾರ್ಥಕ್ಕೆ ಒಂದೊಂದು ಬಣ್ಣ. ಮಾಂಸದ್ದು ನೀಲಿ, ಕೊಬ್ಬು ಬೆಣ್ಣೆಯದು ಹಳದಿ. ಚೀಟಿಯ ತುಂಬ ಸಣ್ಣ ಸಣ್ಣ ಕೂಪನ್ನುಗಳು. ಅಂಗಡಿಯವನು ಬ್ರೆಡ್ ಕೊಟ್ಟು, ಅದಕ್ಕೆ ಸರಿಯಾದ ಕೂಪನ್ ಕತ್ತರಿಸಿಕೊಳ್ಳಬೇಕು.

ಕತ್ತರಿಸಿದ ಕೂಪನ್ನುಗಳನ್ನು ಅಂಗಡಿಯವನು ಎಸೆಯುವ ಹಾಗಿರಲಿಲ್ಲ. ಹಾಳೆಗೆ ಅಂಟಿಸಿ ಕಚೇರಿಗೆ ಒಪ್ಪಿಸಬೇಕು. ಎಷ್ಟು ಕೂಪನ್ ಒಪ್ಪಿಸುತ್ತಾನೋ ಮುಂದಿನ ಸಲ ಅಷ್ಟೇ ಮಾಲು. ಕೂಪನ್ ಇಲ್ಲದೆ ಒಂದು ಬ್ರೆಡ್ ಕೊಟ್ಟರೆ ಆ ಬ್ರೆಡ್ ಅವನ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ. ಅಂಗಡಿಯವನು ಎಷ್ಟೇ ಒಳ್ಳೆಯವನಾಗಿರಲಿ, ಕೈಯಲ್ಲಿ ದುಡ್ಡು ಎಷ್ಟೇ ಇರಲಿ, ಕಾಗದ ಇಲ್ಲದೆ ಆಹಾರ ಕೈ ಬದಲಾಗುವುದು ಕಷ್ಟ. ಇದೊಂದು ನೆನಪಿಟ್ಟುಕೊಂಡರೆ ಕಾದಂಬರಿಯ ಎಷ್ಟೋ ಸನ್ನಿವೇಶಗಳು ತಾನಾಗಿ ಅರ್ಥವಾಗುತ್ತವೆ.

ಯಹೂದಿಗಳಿಗೂ ಚೀಟಿ ಕೊಟ್ಟರು. ಆದರೆ 1940ರ ಆರಂಭದಿಂದ ಅದರ ಮೇಲೆ ದೊಡ್ಡದಾಗಿ 'ಜೆ' ಅಕ್ಷರ (ಜರ್ಮನ್ ಭಾಷೆಯಲ್ಲಿ ಯಹೂದಿ ಎಂಬ ಪದದ ಮೊದಲ ಅಕ್ಷರ) ಬಿತ್ತು. ಬಟ್ಟೆಯ ಚೀಟಿಯನ್ನು ಪೂರ್ತಿ ನಿಲ್ಲಿಸಿದರು. ಅದೇ ವರ್ಷ ಜುಲೈನಿಂದ ಬರ್ಲಿನ್ನಿನ ಯಹೂದಿಗಳು ಸಂಜೆ 4ರಿಂದ 5ರ ನಡುವೆ ಮಾತ್ರ ಸಾಮಾನು ಕೊಳ್ಳಬೇಕು ಎಂಬ ನಿಯಮ ಬಂತು. ಆ ಹೊತ್ತಿಗೆ ಅಂಗಡಿಯಲ್ಲಿ ಏನು ಉಳಿದಿರುತ್ತದೆ ಹೇಳಿ? ಬೆಳಗ್ಗೆಯ ಕ್ಯೂ ಎಲ್ಲವನ್ನೂ ಬಳಿದುಕೊಂಡು ಹೋಗಿರುತ್ತದೆ. ಕಾಗದದ ಮೇಲೆ ಹಕ್ಕು ಇತ್ತು, ತಟ್ಟೆಯಲ್ಲಿ ಏನೂ ಇರಲಿಲ್ಲ. 1942ರ ಸೆಪ್ಟೆಂಬರಿನ ಆದೇಶದ ಹೊತ್ತಿಗೆ ಆ ಕಾಗದದ ಹಕ್ಕನ್ನೂ ಕಿತ್ತುಕೊಂಡರು. ಮಾಂಸ, ಮೊಟ್ಟೆ, ಹಾಲು, ಗೋಧಿಯ ಪದಾರ್ಥ ಯಾವುದೂ ಯಹೂದಿಗಳಿಗೆ ಇಲ್ಲ ಎಂದರು.

ಹಾಗಾದರೆ ಮೊದಲೇ ದೇಶ ಬಿಟ್ಟು ಹೋಗಬಾರದಿತ್ತಾ ಅಂತ ಬಹಳ ಜನ ಕೇಳುತ್ತಾರೆ. ಹೋಗಲು ಹಾತೊರೆದವರು ಲಕ್ಷಾಂತರ. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾಂ ಊರಿನಲ್ಲಿ 32 ದೇಶಗಳು ಇದೇ ವಿಷಯಕ್ಕೆ ಸಭೆ ಸೇರಿದವು. ಹೆಚ್ಚಿನವು ಅನುಕಂಪ ತೋರಿಸಿ, ಬಾಗಿಲು ತೆರೆಯಲು ಒಪ್ಪದೆ ಎದ್ದು ಹೋದವು. ಹೋಗುವವರ ಆಸ್ತಿಯ ಮೇಲೆ ಜರ್ಮನಿ ಭಾರಿ ತೆರಿಗೆ ಹಾಕಿತು. ಕೊನೆಯ ವರ್ಷಗಳಲ್ಲಿ ಕೈಯಲ್ಲಿ 10 ಮಾರ್ಕಿಗಿಂತ ಜಾಸ್ತಿ ಒಯ್ಯಲು ಬಿಡುತ್ತಿರಲಿಲ್ಲ. ಯುದ್ಧ ಶುರುವಾದ ಮೇಲೂ ಕೆಲವು ದಾರಿ ತೆರೆದಿದ್ದವು. ಸೈಬೀರಿಯಾದ ರೈಲಿನಲ್ಲಿ ಜಪಾನ್, ಶಾಂಘೈ ಕಡೆಗೆ ಹೋಗುವುದು. ಇಲ್ಲವೆಂದರೆ ಸ್ಪೇನ್ ದಾಟಿ ಲಿಸ್ಬನ್ ಬಂದರಿಗೆ. 1941ರ ಜೂನ್‌ನಲ್ಲಿ ರಷ್ಯಾದ ಮೇಲೆ ದಾಳಿಯಾದಾಗ ಮೊದಲನೆಯದು ಮುಚ್ಚಿತು. ಅಕ್ಟೋಬರ್‌ನಲ್ಲಿ ಯಹೂದಿಗಳು ದೇಶ ಬಿಡುವುದನ್ನೇ ಜರ್ಮನಿ ನಿಷೇಧಿಸಿತು.

ನಿಮ್ಮ ಕಾದಂಬರಿಯ ಅಣ್ಣ ತಂಗಿಯ ಹಾಗೆಯೇ, ನಿಜವಾದ ಎರಡು ಕುಟುಂಬಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ 1933ರಲ್ಲೇ ಜರ್ಮನಿ ಬಿಡಲು ಹೊರಟವು. ಎರಡರಲ್ಲೂ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಎರಡರಲ್ಲೂ ಒಬ್ಬ ಮಗಳು ಮುಂದೆ ಲೋಕಪ್ರಸಿದ್ಧಳಾದಳು. ಒಂದು ಫ್ರಾಂಕ್‌ಫರ್ಟಿನ ಫ್ರಾಂಕ್ ಕುಟುಂಬ, ದಿನಚರಿ ಬರೆದ ಆನ್ ಅವರ ಕಿರಿಯ ಮಗಳು. ಇನ್ನೊಂದು ಬರ್ಲಿನ್ನಿನ ಕೆರ್ ಕುಟುಂಬ.

ಆಲ್ಫ್ರೆಡ್ ಕೆರ್ ಬರ್ಲಿನ್ನಿನ ದೊಡ್ಡ ನಾಟಕ ವಿಮರ್ಶಕ. ನಾಜಿಗಳನ್ನು ಬಹಿರಂಗವಾಗಿ ಬೈದು ಬರೆಯುತ್ತಿದ್ದವರು. 1933ರ ಫೆಬ್ರವರಿಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಫೋನ್ ಮಾಡಿ, ನಿಮ್ಮ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ ಎಂದು ಎಚ್ಚರಿಸಿದ. ಕೆರ್ ಜ್ವರದಲ್ಲಿ ಮಲಗಿದ್ದರು. ಹಾಗೇ ಎದ್ದು ರೈಲು ಹತ್ತಿ ಪ್ರಾಗ್ ಸೇರಿದರು. ಮಾರ್ಚ್ ಚುನಾವಣೆಗೆ ಸ್ವಲ್ಪ ಮುಂಚೆ ಹೆಂಡತಿ ಯೂಲಿಯಾ, ಮಕ್ಕಳಾದ ಮೈಕೆಲ್ ಮತ್ತು ಜೂಡಿತ್ ಸ್ವಿಟ್ಜರ್ಲೆಂಡಿಗೆ ದಾಟಿದರು. ಮೇ 10ರಂದು ಬರ್ಲಿನ್ನಿನಲ್ಲಿ ಸುಟ್ಟ ಪುಸ್ತಕಗಳಲ್ಲಿ ಕೆರ್ ಬರೆದವೂ ಇದ್ದವು. ಕುಟುಂಬ ಪ್ಯಾರಿಸಿಗೆ ಹೋಯಿತು, 1936ರಲ್ಲಿ ಲಂಡನ್ನಿಗೆ. ಕೈಯಲ್ಲಿ ಕಾಸಿಲ್ಲ. ಅಪ್ಪನಿಗೆ ಇಂಗ್ಲಿಷಿನಲ್ಲಿ ಬರೆದು ಬದುಕುವಷ್ಟು ಹಿಡಿತವಿಲ್ಲ. ಅಗ್ಗದ ಹೋಟೆಲ್ ಕೋಣೆಗಳಲ್ಲಿ ಸಂಸಾರ.

ಆನ್‌ಳ ಅಪ್ಪ ಆಟೋ ಫ್ರಾಂಕ್ ಹತ್ತಿರದ ಆಮ್‌ಸ್ಟರ್‌ಡ್ಯಾಮ್ ಆರಿಸಿಕೊಂಡರು. ಆಗ ಅದು ತಪ್ಪು ಆಯ್ಕೆ ಅಂತ ಯಾರಿಗೂ ಅನಿಸುವಂತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಹಾಲೆಂಡ್ ತಟಸ್ಥವಾಗಿತ್ತು. ಅಲ್ಲಿ ಅವರು ಓಪೆಕ್ಟಾ ಎಂಬ ವ್ಯಾಪಾರ ನಡೆಸಿದರು. ಮನೆಯಲ್ಲಿ ಜಾಮ್ ಮಾಡುವಾಗ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಮಾರುವ ಕೆಲಸ. ನಂತರ ಮಸಾಲೆ ವ್ಯಾಪಾರವನ್ನೂ ಸೇರಿಸಿಕೊಂಡರು. ಅದಕ್ಕೆ ಬಂದ ಪರಿಣತ ಹೆರ್ಮಾನ್ ಫಾನ್ ಪೆಲ್ಸ್, ಸಾಸೇಜಿಗೆ ಹಾಕುವ ಮಸಾಲೆ ಬಲ್ಲವರು. ಅವರೂ ಜರ್ಮನಿ ಬಿಟ್ಟು ಬಂದ ಯಹೂದಿ. ಈ ಆಹಾರದ ವ್ಯಾಪಾರ, ಅದರಿಂದ ಬಂದ ಪರಿಚಯಗಳು ಮುಂದೆ ಎಂಟು ಜೀವಗಳನ್ನು ಎರಡು ವರ್ಷ ಸಾಕಿದವು.

ಫ್ರಾಂಕ್ ಅಮೆರಿಕಕ್ಕೆ ಹೋಗಲೂ ಯತ್ನಿಸಿದ್ದರು. 1938ರಲ್ಲೇ ರಾಟರ್‌ಡ್ಯಾಮಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ಅರ್ಜಿ ಹಾಕಿದರು. 1940ರ ಮೇ 14ರಂದು ಜರ್ಮನ್ ವಿಮಾನಗಳು ರಾಟರ್‌ಡ್ಯಾಮಿಗೆ ಬಾಂಬು ಹಾಕಿದಾಗ ಅಲ್ಲಿನ ಅರ್ಜಿಗಳೆಲ್ಲ ಸುಟ್ಟವು. 1941ರಲ್ಲಿ ಅಮೆರಿಕದ ಹಳೆಯ ಸಹಪಾಠಿಯ ನೆರವು ಕೇಳಿದರು. ಆ ಗೆಳೆಯ ಪ್ರಭಾವಿ ಮನೆತನದವರು, ಆದರೂ ವೀಸಾ ಆಗಲಿಲ್ಲ. ಕ್ಯೂಬಾ ವೀಸಾ ಡಿಸೆಂಬರ್ 1ರಂದು ಮಂಜೂರಾಯಿತು. ಹತ್ತೇ ದಿನದಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು, ವೀಸಾ ರದ್ದಾಯಿತು.

ಹಾಲೆಂಡಿನಲ್ಲಿ ಸಕ್ಕರೆಯ ರೇಷನ್ ಜರ್ಮನ್ನರು ಬಂದು ದೇಶವನ್ನು ವಶಪಡಿಸಿಕೊಳ್ಳುವ ಮೊದಲೇ, 1939ರ ಅಕ್ಟೋಬರಿನಲ್ಲಿ ಶುರುವಾಗಿತ್ತು. ಅವರು ಬಂದ ಮೇಲೆ ಬ್ರೆಡ್, ಕಾಫಿ, ಟೀ, ಮಾಂಸ, ಸೋಪು ಒಂದೊಂದಾಗಿ ಚೀಟಿಗೆ ಸೇರಿದವು. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಮೂಲ ಕಾರ್ಡ್. ಅದನ್ನು ತೋರಿಸಿದರೆ ಮಾತ್ರ ಆಗಾಗ ಹೊಸ ಕೂಪನ್ ಹಾಳೆ. ಮೂಲ ಕಾರ್ಡಿನ ಹಿಂದೆ ಊರಿನ ಜನಸಂಖ್ಯಾ ಪುಸ್ತಕ, ಅದರಲ್ಲಿ ಹೆಸರು, ವಿಳಾಸ, ಧರ್ಮ. ಯಹೂದಿಗಳ ಗುರುತು ಚೀಟಿಯ ಮೇಲೆ ಇಲ್ಲೂ 'ಜೆ' ಬಿತ್ತು.

1942ರ ಮೇ ತಿಂಗಳಿಂದ ಎದೆಯ ಮೇಲೆ ಹಳದಿ ನಕ್ಷತ್ರ ಕಡ್ಡಾಯವಾಯಿತು. ಅದನ್ನು ಪುಕ್ಕಟೆ ಕೊಡಲಿಲ್ಲ. ಒಬ್ಬರಿಗೆ ನಾಲ್ಕು ನಕ್ಷತ್ರ, ಒಂದಕ್ಕೆ ನಾಲ್ಕು ಸೆಂಟ್. ಮೇಲೆ ಬಟ್ಟೆಯ ರೇಷನ್ನಿನಿಂದ ಒಂದು ಕೂಪನ್ ಬೇರೆ. ಮನುಷ್ಯನನ್ನು ಗುರುತಿಸಿ ಹಿಡಿಯುವ ಬಟ್ಟೆಯ ತುಂಡನ್ನು ಅವನ ಪಾಲಿನ ಬಟ್ಟೆಯಿಂದಲೇ ಕಳೆದರು. ಜೂನ್ ಕೊನೆಯಿಂದ ಸಾಮಾನು ಕೊಳ್ಳಲು ಮಧ್ಯಾಹ್ನ 3ರಿಂದ 5ರವರೆಗೆ ಮಾತ್ರ ಅವಕಾಶ. ರಾತ್ರಿ 8ರ ಮೇಲೆ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ.

ಜುಲೈ 5ರಂದು ಫ್ರಾಂಕ್ ಕುಟುಂಬದ ಹಿರಿಯ ಮಗಳು, 16 ವರ್ಷದ ಮಾರ್ಗಾಟ್ ಹೆಸರಿಗೆ ಜರ್ಮನಿಯ ದುಡಿಮೆ ಶಿಬಿರಕ್ಕೆ ಬರಬೇಕೆಂಬ ಆದೇಶ ಬಂತು. ಮರುದಿನವೇ ಕುಟುಂಬ ಮನೆ ಬಿಟ್ಟಿತು. ಮನೆಯಲ್ಲಿ ಬಿಟ್ಟ ಒಂದು ಚೀಟಿ ನೋಡಿದರೆ ಅವರು ಸ್ವಿಟ್ಜರ್ಲೆಂಡಿಗೆ ಓಡಿಹೋದರು ಅಂತ ಅನಿಸಬೇಕು, ಹಾಗೆ ಬರೆದಿಟ್ಟಿದ್ದರು. ನಿಜಕ್ಕೂ ಅವರು ಮಳೆಯಲ್ಲಿ ನಡೆದುಕೊಂಡು ಆಟೋ ಅವರ ಕಚೇರಿ ಇದ್ದ ಪ್ರಿನ್ಸೆನ್‌ಗ್ರಾಖ್ಟ್ 263ಕ್ಕೆ ಹೋದರು. ಸೂಟ್‌ಕೇಸ್ ಹಿಡಿದರೆ ಅನುಮಾನ ಬರುತ್ತದೆ ಅಂತ ಮೈಮೇಲೆ ಬಟ್ಟೆಯ ಮೇಲೆ ಬಟ್ಟೆ ತೊಟ್ಟಿದ್ದರು.

ಅವತ್ತಿನಿಂದ ಅವರ ಚೀಟಿ ಸತ್ತ ಹಾಗೆ. ಓಡಿಹೋದವನು ರೇಷನ್ ಕಚೇರಿಯ ಕ್ಯೂನಲ್ಲಿ ನಿಲ್ಲಲು ಆಗುತ್ತದಾ? ಆಮೇಲೆ ಫಾನ್ ಪೆಲ್ಸ್ ಕುಟುಂಬದ ಮೂವರು ಸೇರಿಕೊಂಡರು, ನವೆಂಬರಿನಲ್ಲಿ ದಂತವೈದ್ಯ ಫ್ರಿಟ್ಜ್ ಫೆಫರ್ ಬಂದರು. ಒಟ್ಟು ಎಂಟು ಜನ.

ಇವರ ಊಟಕ್ಕೆ ಒಂದೇ ದಾರಿ ಇರಲಿಲ್ಲ. ಕೆಲವು ಡಬ್ಬಿ ಆಹಾರ, ಮೂಟೆಗಟ್ಟಲೆ ಒಣ ಬೀನ್ಸ್ ಮೊದಲೇ ಸಾಗಿಸಿಟ್ಟಿದ್ದರು. ಬ್ರೆಡ್ ಕೊಡುತ್ತಿದ್ದವರು ಯೊಹಾನೆಸ್ ಕ್ಲೈಮನ್ ಅವರ ಗೆಳೆಯನಾಗಿದ್ದ ಬೇಕರಿಯವರು. ಕ್ಲೈಮನ್ ಅದೇ ಕಚೇರಿಯವರು. ಹಾಲು, ಬ್ರೆಡ್ ನೋಡಿಕೊಂಡವರು ಕಚೇರಿಯ ಯುವತಿ ಬೆಪ್ ಫೋಸ್ಕಾಯ್ಲ್. ತರಕಾರಿ, ಮಾಂಸ ಹೊತ್ತವರು ಮೀಪ್ ಹೀಸ್. ಮೀಪ್ ಕೂಡ ಕಚೇರಿಯ ಉದ್ಯೋಗಿ. ಬೆಳಗ್ಗೆ ಬಂದು ಪಟ್ಟಿ ತೆಗೆದುಕೊಂಡು, ಅಂಗಡಿ ಸುತ್ತಿ, ಕೆಲಸದ ನಡುವೆ ಚೀಲ ತುಂಬಿ ತರುತ್ತಿದ್ದರು. ಒಂದೇ ಅಂಗಡಿಯಲ್ಲಿ ಎಂಟು ಜನಕ್ಕಾಗುವಷ್ಟು ಕೊಂಡರೆ ಅನುಮಾನ ಬರುತ್ತದಲ್ವಾ? ಹಾಗಾಗಿ ಹಂಚಿಕೊಂಡು ಕೊಳ್ಳಬೇಕಿತ್ತು.

ಮಾಂಸದ ಅಂಗಡಿಯ ವಿಷಯ ಹೇಳಲೇಬೇಕು. ಬಚ್ಚಿಟ್ಟುಕೊಳ್ಳುವ ಮೊದಲು ಫಾನ್ ಪೆಲ್ಸ್ ತಮ್ಮ ಪರಿಚಯದ ಕಟುಕರ ಅಂಗಡಿಗೆ ಮೀಪ್ ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಸುಮ್ನೆ ಪಕ್ಕದಲ್ಲಿ ನಿಲ್ಲಿ ಎನ್ನುತ್ತಿದ್ದರು. ಯಾಕೆ ಅಂತ ಮೀಪ್‌ಗೆ ಆಗ ಗೊತ್ತಾಗಲಿಲ್ಲ. ಆಮೇಲೆ ಅವರೊಬ್ಬರೇ ಹೋದಾಗ ಅಂಗಡಿಯವರು ಮುಖ ನೋಡಿ, ಏನೂ ಕೇಳದೆ ಮಾಂಸ ಕಟ್ಟಿಕೊಟ್ಟರು. ಅನುಭವಿ ವ್ಯಾಪಾರಿ ಆ ಒಂದು ಪರಿಚಯವನ್ನು ಎಷ್ಟು ಮುಂದಾಲೋಚನೆಯಿಂದ ಕಟ್ಟಿದ್ದರು ನೋಡಿ. ಒಳಗೆ ಬಂದ ಮೇಲೂ ಅವರ ಕಸುಬು ಕೈಬಿಡಲಿಲ್ಲ. ಮಾಂಸ ಸಿಕ್ಕಾಗ ತಾವೇ ಸಾಸೇಜ್ ಮಾಡಿ ಒಣಗಲು ತೂಗುಹಾಕುತ್ತಿದ್ದರು.

ತರಕಾರಿಯವರು ಹೆಂಡ್ರಿಕ್ ಫಾನ್ ಹೂಫೆ. ಹತ್ತಿರದ ಬೀದಿಯಲ್ಲೇ ಅಂಗಡಿ. ಮೀಪ್ ಯಾಕೆ ಇಷ್ಟೊಂದು ಕೊಳ್ಳುತ್ತಾರೆ ಅಂತ ಅವರಿಗೆ ಅರ್ಥವಾಗಿತ್ತು, ಬಾಯಿಬಿಟ್ಟು ಕೇಳಲಿಲ್ಲ. ಆಲೂಗಡ್ಡೆಯ ಭಾರ ಜಾಸ್ತಿ ಅಂತ ಮಧ್ಯಾಹ್ನದ ವಿರಾಮದಲ್ಲಿ ತಾವೇ ತಂದು ಇಡುತ್ತಿದ್ದರು. 1944ರ ಮೇ ತಿಂಗಳಲ್ಲಿ ಪೊಲೀಸರು ಅವರನ್ನು ಹಿಡಿದರು. ಕಾರಣ ಇನ್ನೊಂದು. ಅವರು ತಮ್ಮ ಮನೆಯಲ್ಲೇ ಒಂದು ಯಹೂದಿ ದಂಪತಿಯನ್ನು ಇಟ್ಟುಕೊಂಡಿದ್ದರು. ಫಾನ್ ಹೂಫೆ ನಾಜಿ ಬಂಧನ ಶಿಬಿರಗಳ ನರಕ ಕಂಡು ಬದುಕಿ ಬಂದರು.

ಈಗ ನಿಮ್ಮ ಎರಡನೇ ಪ್ರಶ್ನೆ: ಚೀಟಿ ಎಲ್ಲಿಂದ? ಮೊದಲು ಕಾಳಸಂತೆಯಿಂದ. 1942ರ ನವೆಂಬರಿನಲ್ಲಿ ಒಂದು ಚೀಟಿಯ ಬೆಲೆ 27 ಗಿಲ್ಡರಿನಿಂದ 33ಕ್ಕೆ ಏರಿತು ಅಂತ ಆನ್ ದಿನಚರಿಯಲ್ಲಿ ಗುರುತು ಹಾಕಿದ್ದಾಳೆ. ಇದು ಬರೀ ಕಾಗದದ ಬೆಲೆ. ಆಹಾರಕ್ಕೆ ಬೇರೆ ದುಡ್ಡು ಕೊಡಬೇಕು. ಎರಡನೆಯ ದಾರಿ ಜರ್ಮನ್ ಆಡಳಿತದ ವಿರುದ್ಧ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಭೂಗತ ಹೋರಾಟಗಾರರದ್ದು. ಮೀಪ್ ಗಂಡ ಯಾನ್ ಹೀಸ್ ಈ ಹೋರಾಟಗಾರರ ಜೊತೆ ಸೇರಿಕೊಂಡಿದ್ದರು. ನಿಜವಾಗಿಯೂ ಇಷ್ಟು ಜನರನ್ನು ಸಾಕುತ್ತಿದ್ದೇವೆ ಅಂತ ತೋರಿಸಲು ಒಳಗಿದ್ದವರ ಗುರುತು ಚೀಟಿಗಳನ್ನು ಒಯ್ದು ಒಪ್ಪಿಸಿದರು. ಆ ಚೀಟಿಗಳು ಶತ್ರುವಿನ ಕೈಗೆ ಸಿಕ್ಕಿದ್ದರೆ ಎಲ್ಲರ ಕಥೆ ಅವತ್ತೇ ಮುಗಿಯುತ್ತಿತ್ತು. ಇಷ್ಟು ನಂಬಿಕೆ ಇಲ್ಲದೆ ಆ ಕೆಲಸ ನಡೆಯುತ್ತಲೇ ಇರಲಿಲ್ಲ.

ಆ ಹೋರಾಟಗಾರರಿಗೆ ಚೀಟಿ ಎಲ್ಲಿಂದ ಬರುತ್ತಿತ್ತು? ಇದನ್ನು ಕಾದಂಬರಿಗಳು ಹೆಚ್ಚಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ಪ್ರಕಾರ ಇಡೀ ಇತಿಹಾಸದಲ್ಲೇ ಬಹಳ ರೋಚಕವಾದ ಭಾಗ ಇದು. ಹೆಲೆನಾ ಕೌಪರ್ಸ್ ಎಂಬ ಗೃಹಿಣಿ, ಐದು ಮಕ್ಕಳ ತಾಯಿ, ಫ್ರಿಟ್ಸ್ ಸ್ಲೊಂಪ್ ಎಂಬ ಪಾದ್ರಿಯ ಜೊತೆ ಸೇರಿ 1942ರ ಕೊನೆಯಲ್ಲಿ ಬಚ್ಚಿಟ್ಟುಕೊಂಡವರಿಗೆ ನೆರವಾಗುವ ಸಂಘಟನೆ ಕಟ್ಟಿದರು. ಎಲ್ಲರೂ ಆಕೆಯನ್ನು ರೀಕ್ ಅತ್ತೆ ಎಂದು ಕರೆಯುತ್ತಿದ್ದರು. ಜರ್ಮನಿಗೆ ಕೂಲಿಗೆ ಹೋಗಲು ಒಪ್ಪದ ಡಚ್ ಯುವಕರೂ ತಲೆಮರೆಸಿಕೊಂಡಾಗ, ಬಚ್ಚಿಟ್ಟುಕೊಂಡವರ ಸಂಖ್ಯೆ ಮೂರು ಲಕ್ಷ ದಾಟಿತು. ಅಷ್ಟು ಜನಕ್ಕೆ ಚೀಟಿ ಕೊಂಡು ಪೂರೈಸಲು ಯಾರಿಂದಲೂ ಆಗದು. ಹಾಗಾಗಿ ಶಸ್ತ್ರ ಹಿಡಿದ ಸಣ್ಣ ಗುಂಪುಗಳು ರೇಷನ್ ಕಚೇರಿಗಳ ಮೇಲೆಯೇ ದಾಳಿ ಮಾಡಿದವು. ಎಷ್ಟೋ ಕಡೆ ಒಳಗಿನ ಗುಮಾಸ್ತರೇ ಸುಳಿವು ಕೊಡುತ್ತಿದ್ದರು. ಕಚೇರಿಯಲ್ಲಿ ಕೂತೇ ಲೆಕ್ಕ ತಿದ್ದಿ ಚೀಟಿ ಹೊರಗೆ ಸಾಗಿಸಿದ ಗುಮಾಸ್ತರೂ ಇದ್ದರು.

ಜರ್ಮನ್ ಆಡಳಿತ ಸುಮ್ಮನೆ ಕೂರಲಿಲ್ಲ. 1943ರ ಕೊನೆಯಲ್ಲಿ ಎರಡನೇ ಮೂಲ ಕಾರ್ಡ್ ಎಂಬ ಹೊಸ ಪದ್ಧತಿ ತಂದಿತು. ಎಲ್ಲರೂ ಖುದ್ದಾಗಿ ಬಂದು ಗುರುತು ಚೀಟಿ ತೋರಿಸಬೇಕು. ಅಧಿಕಾರಿ ಅದರ ಮೇಲೆ ಒಂದು ಸಣ್ಣ ಮುದ್ರೆ ಅಂಟಿಸುತ್ತಾನೆ. ಮುದ್ರೆ ಇಲ್ಲದವನಿಗೆ ಊಟ ಇಲ್ಲ. ಬಚ್ಚಿಟ್ಟುಕೊಂಡವರನ್ನು ಹಸಿವಿನಿಂದ ಹೊರಗೆಳೆಯುವ ಉಪಾಯ ಅದು. ಇದಕ್ಕೆ ಉತ್ತರ 1944ರ ಜನವರಿ 25ರಂದು ಟಿಲ್ಬುರ್ಗ್ ನಗರದಿಂದ ಬಂತು. ಹೋರಾಟಗಾರರು ಅಲ್ಲಿನ ನಗರ ಕಚೇರಿಗೆ ನುಗ್ಗಿ 1,05,000 ಮುದ್ರೆಗಳನ್ನು ಹೊತ್ತೊಯ್ದರು. ಇಡೀ ದೇಶದ ತಲೆಮರೆಸಿಕೊಂಡವರಿಗೆ ಆ ಒಂದು ದಾಳಿ ಉಸಿರು ಕೊಟ್ಟಿತು. ಅದೇ ವರ್ಷ ರೀಕ್ ಅತ್ತೆಯನ್ನು ಹಿಡಿದು ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಸಾಗಿಸಿದರು. ಆಕೆ ಅಲ್ಲೇ ತೀರಿಕೊಂಡರು.

ಪ್ರಿನ್ಸೆನ್‌ಗ್ರಾಖ್ಟ್‌ನ ಎಂಟು ಜನಕ್ಕೆ ಈ ಸರಪಳಿಯ ಒಂದು ಕೊಂಡಿ ಕಳಚಿದರೂ ತಟ್ಟೆಯಲ್ಲಿ ಗೊತ್ತಾಗುತ್ತಿತ್ತು. 1944ರ ಮಾರ್ಚಿನಲ್ಲಿ ಅವರಿಗೆ ಕೂಪನ್ ತರುತ್ತಿದ್ದ ಇಬ್ಬರು ಮಾರಾಟಗಾರರ ಬಂಧನವಾಯಿತು. ತಕ್ಷಣ ಬೆಣ್ಣೆ, ಕೊಬ್ಬು ನಿಂತುಹೋಯಿತು. ಕೊಳೆತ ವಾಸನೆಯ ಸೊಪ್ಪು, ಆಲೂಗಡ್ಡೆ, ಬೀನ್ಸ್ ಇವೇ ದಿನಗಟ್ಟಲೆ. ತರಕಾರಿಯ ಫಾನ್ ಹೂಫೆ ಜೈಲಿಗೆ ಹೋದ ಮೇಲೆ ಬೆಳಗಿನ ತಿಂಡಿಯನ್ನೇ ಬಿಡುವ ಮಾತು ಬಂತು. ಆಗಸ್ಟ್ 4ರಂದು ಪೊಲೀಸರು ಎಂಟು ಜನರನ್ನೂ ಹಿಡಿದರು. ಬದುಕಿ ವಾಪಸ್ ಬಂದವರು ಆಟೋ ಫ್ರಾಂಕ್ ಒಬ್ಬರೇ. ಹಾಲೆಂಡಿನ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಾಜಿಗಳು ಕೊಂದರು. ಬಚ್ಚಿಟ್ಟುಕೊಂಡವರು 25,000ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿದರು. ಅವರಲ್ಲಿ ಒಬ್ಬೊಬ್ಬರ ಹಿಂದೆಯೂ ಚೀಲ ಹೊತ್ತ ಯಾರೋ ಇದ್ದರು.

ನಿಮ್ಮ ಕಾದಂಬರಿಯಲ್ಲಿ 1944ರ ಚಳಿಗಾಲ ಬಂದರೆ ಗಮನಿಸಿ, ಆಗ ಪಶ್ಚಿಮ ಹಾಲೆಂಡಿನಲ್ಲಿ ಚೀಟಿ ಇದ್ದವರಿಗೂ ಊಟ ಇರಲಿಲ್ಲ. ನವೆಂಬರ್ ಕೊನೆಗೆ ದಿನದ ರೇಷನ್ 1,000 ಕ್ಯಾಲರಿಗಿಂತ ಕೆಳಗಿಳಿಯಿತು, ಫೆಬ್ರವರಿಗೆ 600ರ ಆಸುಪಾಸು. ಜನ ಟ್ಯುಲಿಪ್ ಗೆಡ್ಡೆ, ಸಕ್ಕರೆ ಬೀಟ್ ತಿಂದರು. ಸುಮಾರು 20,000 ಜನ ಸತ್ತರು.

ಈಗ ಸಮುದ್ರ ದಾಟಿ ಕೆರ್ ಕುಟುಂಬದ ಹತ್ತಿರ ಹೋಗೋಣ. ಬ್ರಿಟನ್ ಯುದ್ಧಕ್ಕೆ ಮೊದಲು ತನ್ನ ಆಹಾರದ ಮೂರರಲ್ಲಿ ಎರಡು ಪಾಲನ್ನು ಹೊರಗಿನಿಂದ ತರಿಸುತ್ತಿತ್ತು. ಜರ್ಮನ್ ಜಲಾಂತರ್ಗಾಮಿಗಳು ಹಡಗು ಮುಳುಗಿಸತೊಡಗಿದಾಗ ರೇಷನ್ ಮಾಡಲೇಬೇಕಾಯಿತು. 1939ರ ಸೆಪ್ಟೆಂಬರ್ 29ರಂದು ಇಡೀ ದೇಶದ ಜನರ ಹೆಸರು ಬರೆದುಕೊಂಡರು. ಆ ಪಟ್ಟಿಯ ಆಧಾರದ ಮೇಲೆ ರೇಷನ್ ಪುಸ್ತಕ. 1940ರ ಜನವರಿ 8ರಿಂದ ಬೇಕನ್, ಬೆಣ್ಣೆ, ಸಕ್ಕರೆ ಚೀಟಿಯ ಮೇಲೆ ಬಂದವು. ಒಬ್ಬರಿಗೆ ವಾರಕ್ಕೆ ಬೇಕನ್ 113 ಗ್ರಾಂ, ಬೆಣ್ಣೆ ಅಷ್ಟೇ, ಸಕ್ಕರೆ 340 ಗ್ರಾಂ. ಮಾರ್ಚಿನಲ್ಲಿ ಮಾಂಸ ಸೇರಿತು. ಜುಲೈನಲ್ಲಿ ಟೀ ಪುಡಿ, ವಾರಕ್ಕೆ ಬರೀ 57 ಗ್ರಾಂ. ಇಂಗ್ಲಿಷರಿಗೆ ಅದೇ ದೊಡ್ಡ ಪೆಟ್ಟು. ಮುಂದಿನ ವರ್ಷ ಚೀಸ್, ಮೊಟ್ಟೆ, ಬಟ್ಟೆ. ಬ್ರೆಡ್, ಆಲೂಗಡ್ಡೆ, ತರಕಾರಿ ಮಾತ್ರ ಯುದ್ಧ ಮುಗಿಯುವವರೆಗೂ ಚೀಟಿ ಇಲ್ಲದೆ ಸಿಕ್ಕವು. ಮಾಂಸ ಬೇಡ ಎಂದು ಬರೆದುಕೊಟ್ಟ ಸಸ್ಯಾಹಾರಿಗಳಿಗೆ ಚೀಸ್ ಜಾಸ್ತಿ ಕೊಡುತ್ತಿದ್ದರು. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಬೇರೆ ಬಣ್ಣದ ಪುಸ್ತಕ. ಹಾಲು, ಕಿತ್ತಳೆಯಲ್ಲಿ ಅವರಿಗೆ ಮೊದಲ ಪಾಲು.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ಹೌದು, ಕೊಟ್ಟರು. ಆಶ್ರಯ ಬೇಡಿ ಬಂದ ಜರ್ಮನ್ ಯಹೂದಿಗೂ ಅದೇ ಪುಸ್ತಕ, ಅದೇ ಅಳತೆ. ಅರಮನೆಯ ರಾಜ ರಾಣಿಗೂ ಅದೇ ಇತ್ತು. ಅದರ ಮೇಲೆ ಧರ್ಮದ ಅಕ್ಷರ ಇರಲಿಲ್ಲ. ಬಡ ನಿರಾಶ್ರಿತರಿಗೆ ಇದು ಸಣ್ಣ ವಿಷಯ ಆಗಿರಲಿಲ್ಲ. ಬರ್ಲಿನ್ನಿನಲ್ಲಿ ಉಳಿದ ಅವರ ನೆಂಟರು ಸಂಜೆ ನಾಲ್ಕು ಗಂಟೆಗೆ ಖಾಲಿ ಅಂಗಡಿಯ ಮುಂದೆ ನಿಂತಿದ್ದ ಕಾಲ ಅದು.

ಹಾಗಂತ ಬ್ರಿಟನ್ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ನೀವು ಕೇಳಿದ ಶತ್ರು ದೇಶದವರು ಎಂಬ ಮಾತು ಅಲ್ಲಿನ ಕಾನೂನಿನಲ್ಲೂ ಇತ್ತು. ಒಬ್ಬೊಬ್ಬರನ್ನೂ ಕರೆಸಿ ವಿಚಾರಣೆ ಮಾಡಿ ಮೂರು ವರ್ಗ ಮಾಡಿದರು. ಹೆಚ್ಚಿನವರು ಅಪಾಯವಿಲ್ಲದ ವರ್ಗಕ್ಕೆ ಬಂದರು. ಆದರೆ 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದಾಗ ಸರಕಾರಕ್ಕೆ ಭಯ ಹಿಡಿಯಿತು. ಸುಮಾರು 27,000 ಜನರನ್ನು ಬೇಲಿಯ ಹಿಂದೆ ಹಾಕಿದರು, ಅವರಲ್ಲಿ ಬಹುಪಾಲು ಹಿಟ್ಲರನಿಂದಲೇ ತಪ್ಪಿಸಿಕೊಂಡು ಬಂದವರು. ಕೇಂಬ್ರಿಡ್ಜಿನಲ್ಲಿ ಓದುತ್ತಿದ್ದ ಮೈಕೆಲ್ ಕೆರ್ ಕೂಡ ಅವರಲ್ಲೊಬ್ಬ. ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಕಳಿಸಿದರು. ಕೆಲವು ತಿಂಗಳ ಮೇಲೆ ಬಿಡುಗಡೆಯಾದ ಆತ ಬ್ರಿಟಿಷ್ ವಾಯುಪಡೆ ಸೇರಿದ. ಮುಂದೆ ಇಂಗ್ಲೆಂಡಿನ ಉನ್ನತ ನ್ಯಾಯಾಧೀಶರಲ್ಲಿ ಒಬ್ಬನಾದ. ಕುಟುಂಬ ಇದ್ದ ಹೋಟೆಲಿಗೂ ಬಾಂಬು ಬಿತ್ತು. ಜೂಡಿತ್ ಗಾಯಾಳು ಸೈನಿಕರಿಗೆ ನೆರವಾಗುವ ರೆಡ್ ಕ್ರಾಸ್ ಕೆಲಸ ಹಿಡಿದಳು. ಮುಂದೆ ಮಕ್ಕಳ ಪುಸ್ತಕಗಳನ್ನು ಬರೆದು, ಚಿತ್ರ ಬಿಡಿಸಿ ಹೆಸರಾದಳು.

ನಿಮ್ಮ ಕಾದಂಬರಿಯ ತಂಗಿ ಯಾವುದೋ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದರೆ ಆಶ್ಚರ್ಯ ಬೇಡ. ಮನೆಗೆಲಸದ ವೀಸಾ ಮೇಲೆಯೇ ಸುಮಾರು 20,000 ಜನ, ಬಹುತೇಕ ಹೆಂಗಸರು, ಬ್ರಿಟನ್ನಿಗೆ ಬಂದರು. ತಮ್ಮ ಮನೆಯಲ್ಲಿ ಕೆಲಸದವರನ್ನು ಇಟ್ಟುಕೊಂಡಿದ್ದ ವಿಯೆನ್ನಾದ ಮಹಿಳೆಯರು ಇಲ್ಲಿ ಬೇರೆಯವರ ಪಾತ್ರೆ ತೊಳೆದರು. ಆ ವೀಸಾ ಅವರ ಜೀವ ಉಳಿಸಿತು.

ಬ್ರಿಟಿಷ್ ರೇಷನ್ನನ್ನು ಹೊಗಳಿ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅದೇ ಸರಕಾರ ಆಳುತ್ತಿದ್ದ ಬಂಗಾಳದಲ್ಲಿ 1943ರಲ್ಲಿ ಸುಮಾರು 30 ಲಕ್ಷ ಜನ ಹಸಿವು, ರೋಗಕ್ಕೆ ಬಲಿಯಾದರು. ಧಾನ್ಯ ತರಲು ಹಡಗು ಕೊಡಿ ಅಂತ ದೆಹಲಿಯಿಂದ ಮತ್ತೆ ಮತ್ತೆ ಕೇಳಿದರೂ ಲಂಡನ್ ಹಿಂದೆಮುಂದೆ ನೋಡಿತು. ಕಲ್ಕತ್ತಾದಲ್ಲಿ ಸರಿಯಾದ ರೇಷನ್ ಶುರುವಾಗಿದ್ದು 1944ರಲ್ಲಿ, ಹಳ್ಳಿಗಳ ಜನ ಸತ್ತ ಮೇಲೆ. ಲಂಡನ್ನಿನ ಪಟ್ಟಿಯಲ್ಲಿ ಜರ್ಮನ್ ನಿರಾಶ್ರಿತನ ಹೆಸರಿತ್ತು. ಬಂಗಾಳದ ಕೂಲಿಯವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ನಮ್ಮ ನಾಡಿಗೂ ಇಂಥ ನಿರಾಶ್ರಿತರು ಬಂದಿದ್ದರು ಅನ್ನುವುದು ನಿಮಗೆ ಇಷ್ಟವಾಗಬಹುದು. ಬರ್ಲಿನ್ನಿನ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ 1933ರಲ್ಲಿ ಜರ್ಮನಿ ಬಿಟ್ಟು, ಈಜಿಪ್ಟಿನಲ್ಲಿ ಕೆಲಸ ಮಾಡಿ, 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಕೆಲವು ಕಟ್ಟಡಗಳು ಕೋನಿಗ್ಸ್‌ಬರ್ಗರ್ ಅವರವೇ. ಅವರ ಬಂಧು, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆದರೆಂದು 1935ರಲ್ಲೇ ಅದೇ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದು ಹೋಗಿದ್ದರು.

ಕಾದಂಬರಿಯನ್ನು ಪರೀಕ್ಷೆ ಮಾಡಿ ನೋಡಬೇಕೆಂದರೆ ಕೆಲವು ಗುರುತು ಕೊಡುತ್ತೇನೆ. 1938ರಲ್ಲೇ ಕುಟುಂಬದ ರೇಷನ್ ಚೀಟಿಯ ಮೇಲೆ 'ಜೆ' ಇದ್ದರೆ ಅದು ತಪ್ಪು. ಆ ವರ್ಷ 'ಜೆ' ಬಿದ್ದಿದ್ದು ಪಾಸ್‌ಪೋರ್ಟಿನ ಮೇಲೆ. 1942ರಲ್ಲಿ ಅವರು ಜರ್ಮನಿಯಿಂದ ಅನುಮತಿ ಪಡೆದು ರೈಲು ಹತ್ತಿದ್ದರೆ ನಂಬಬೇಡಿ. ಲಂಡನ್ನಿನ ತಂಗಿ 1942ರಲ್ಲಿ ಬ್ರೆಡ್ ಕೂಪನ್ ಕೊಟ್ಟರೆ ಅದೂ ತಪ್ಪು. ಬ್ರಿಟನ್ನಿನಲ್ಲಿ ಬ್ರೆಡ್ಡಿಗೆ ರೇಷನ್ ಬಂದಿದ್ದು ಯುದ್ಧ ಮುಗಿದ ಮೇಲೆ, 1946ರ ಜುಲೈನಲ್ಲಿ. ಎರಡು ವರ್ಷ ಇತ್ತು. ಅಣ್ಣನ ಸಂಸಾರಕ್ಕೆ ಒಬ್ಬನೇ ನಾಯಕ ಬಂದು ವರ್ಷಗಟ್ಟಲೆ ಊಟ ಕೊಟ್ಟಂತೆ ಬರೆದಿದ್ದರೆ, ಅದು ಅಪರೂಪ ಅಂತ ತಿಳಿಯಿರಿ. ಸಾಮಾನ್ಯವಾಗಿ ಒಂದು ಕುಟುಂಬ ಉಳಿಯಲು ಬೇಕರಿಯವರು, ಗುಮಾಸ್ತರು, ತರಕಾರಿಯವರು, ಟೈಪಿಸ್ಟ್ ಹೀಗೆ ಹತ್ತಾರು ಜನ ಬೇಕಾಗುತ್ತಿತ್ತು. ಅವರಲ್ಲಿ ಕೆಲವರಿಗೆ ಇನ್ನೊಬ್ಬರ ಪರಿಚಯವೂ ಇರುತ್ತಿರಲಿಲ್ಲ.

ಯುದ್ಧ ಮುಗಿದ ಮೇಲಿನ ಅಧ್ಯಾಯಗಳಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ. 1941ರ ನವೆಂಬರಿನಲ್ಲಿ ಜರ್ಮನಿ ಹೊರದೇಶದಲ್ಲಿದ್ದ ತನ್ನ ಯಹೂದಿಗಳ ಪೌರತ್ವ ಕಿತ್ತುಕೊಂಡಿತ್ತು. ಹಾಗಾಗಿ ಶಿಬಿರಗಳಿಂದ ಹಾಲೆಂಡಿಗೆ ಮರಳಿದ ಜರ್ಮನ್ ಯಹೂದಿಗಳಿಗೆ ಯಾವ ದೇಶವೂ ಇರಲಿಲ್ಲ. ಅವರಲ್ಲಿ ಕೆಲವರನ್ನು ಡಚ್ ಅಧಿಕಾರಿಗಳು ಶತ್ರು ದೇಶದವರ ಸಾಲಿಗೆ ಸೇರಿಸಿದರು. ಆಟೋ ಫ್ರಾಂಕ್ 1945ರ ಜೂನ್ 3ರಂದು ಆಮ್‌ಸ್ಟರ್‌ಡ್ಯಾಮ್ ತಲುಪಿ ಮೀಪ್ ಮತ್ತು ಯಾನ್ ಮನೆಯಲ್ಲೇ ಉಳಿದರು. ಅವರಿಗೆ ಡಚ್ ಪೌರತ್ವ ಸಿಕ್ಕಿದ್ದು 1949ರಲ್ಲಿ.